ಅಷ್ಟಕ್ಕೆ ಮಾತ್ರ ಅಪ್ಪಣೆ

ನಮ್ಮ ಮಾವ ಸೀನುವುದಕ್ಕೂ ಮೂಗಿನ ಅನುಮತಿ ಕೇಳುವ ಮನುಷ್ಯ! ಈ ರೋಗ ಈಗ ಅಜ್ಜಿಯ ಮಾತ್ರೆಯವರೆಗೂ ಬಂದಿದೆ.

ಕೊಪ್ಪದ ಅಡಿಕೆ ವಹಿವಾಟಿನ ಕಚೇರಿಯೊಂದರ ಸರ್ವರ್ ಮಾವನ ಕೈಯಲ್ಲಿದೆ. ದಿನಾ ಬೆಳಿಗ್ಗೆ ಶೃಂಗೇರಿ, ನರಸಿಂಹರಾಜಪುರದವರ ಮೊಬೈಲಿಗೆ ಅದು ತಾನಾಗಿ ಅಡಿಕೆ ಧಾರಣೆ ಕಳಿಸಬೇಕು. ಸರ್ವರಿನಲ್ಲಿ ‘ರೂಟ್’ ಎಂಬ ಸರ್ವಾಧಿಕಾರಿ ಇರುತ್ತಾನೆ. ಅವನ ಹೆಸರಲ್ಲಿ ಏನನ್ನು ಓಡಿಸಿದರೂ ತಕರಾರಿಲ್ಲ. ಮಾವ ಓಡಿಸುತ್ತಾರೆಯೇ? ಉಹೂಂ! ಧಾರಣೆ ಕಳಿಸಲು ಸರ್ವರಿನೊಳಗೇ ಒಬ್ಬ ಬಳಕೆದಾರ, ಬ್ಯಾಕಪ್ಪಿಗೆ ಇನ್ನೊಬ್ಬ. ರೂಟ್‌ನ ಅಧಿಕಾರ ಬೇಕೇ ಬೇಕೆಂದರೆ ಒಂದೇ ಒಂದು ಆಜ್ಞೆಯಷ್ಟಕ್ಕೆ ಎರವಲು!

ಒಮ್ಮೆ ಮ್ಯಾನೇಜರು ಅವಸರದಲ್ಲಿ ಧಾರಣೆ ಕಳಿಸುವ ಕೆಲಸವನ್ನು ರೂಟ್ ಹೆಸರಲ್ಲೇ ಓಡಿಸಿಬಿಟ್ಟರು. ಧಾರಣೆಯ ಫೈಲು ರೂಟ್‌ನ ಸ್ವತ್ತಾಯಿತು. ಮರುದಿನ ಧಾರಣೆ ಕಳಿಸುವ ಬಡಪಾಯಿ ಬಳಕೆದಾರನಿಗೆ ಅದನ್ನು ಮುಟ್ಟಲಾಗಲಿಲ್ಲ. ಮುತ್ತಿನಕೊಪ್ಪದಿಂದ ಫೋನು: “ಹೋಯ್, ಅಡಿಕೆಗೆ ಇವತ್ತು ರೇಟೇ ಇಲ್ವಾ?”

ಮಾವನ ಮುಖದಲ್ಲಿ ಮದುವೆಮನೆಯ ಕಳೆ! “ನೋಡಿದ್ಯಾ ಮಾರಾಯ? ಇನ್ನೊಬ್ಬರ ಹೆಸರಲ್ಲಿ ಮಾಡಿದ್ದು ಗುರುತು ಬಿಡದೆ ಹೋಗಲ್ಲ.”

ಮನೆಯಲ್ಲೂ ಇದೇ. “ಒಂದು ಲೋಟ ಕಾಫಿಯಷ್ಟಕ್ಕೆ ಅಡುಗೆಮನೆ ಬಿಟ್ಕೊಡ್ತೀಯೇನೇ?” ಎಂದು ಅತ್ತೆಯನ್ನು ಕೇಳುತ್ತಾರೆ. “ಪಾತ್ರೆ ತೊಳೆಯೋ ಅಧಿಕಾರನೂ ಇಟ್ಕೊಳ್ಳಿ!” ಎಂದು ಅತ್ತೆ.

ನಾನೋ ಮಿಮಿಕ್ರಿಯವನು, ಹಲ್ಲುಜ್ಜುವಾಗಲೂ ಬೇರೆ ಯಾರೋ ಆಗಿರುತ್ತೇನೆ. ಮರೆವು ಹತ್ತಿದ ಅಜ್ಜಿ ಬಿಪಿ ಮಾತ್ರೆ ಉಗುಳತೊಡಗಿದಾಗ, ತೀರಿಹೋದ ಅಜ್ಜನ ದನಿಯಲ್ಲಿ ಗದರಿಸಲೇ ಎಂದೆ. ಮಾವ ಬಹಳ ಯೋಚಿಸಿದರು. “ಮಾತ್ರೆ ನುಂಗಿಸುವಷ್ಟಕ್ಕೆ ಮಾತ್ರ ಅಪ್ಪಯ್ಯ ಆಗು. ಮೇಲೆ ಒಂದಕ್ಷರ ಬೇಡ.”

ಬಾಗಿಲ ಮರೆಯಿಂದ ನಾನು, “ಏಯ್, ನುಂಗ್ತೀಯೋ ಇಲ್ವೋ!” ಅಜ್ಜಿ ಗುಳಕ್!

ಹೀಗೇ ನಡೆದಿತ್ತು. ಮೊನ್ನೆ ಮಾತ್ರೆ ನುಂಗಿದ ಅಜ್ಜಿ ಬಾಗಿಲ ಕಡೆ ತಿರುಗಿದಳು. “ಜೀಪು ಮಾರೋಕೆ ಮಾಣಿ ನಿಮ್ಮ ಸಹಿನ ತಾನೇ ಹಾಕಿದ್ದು ತಪ್ಪು ಹೌದು. ಹಾಗಂತ ಎಷ್ಟು ವರ್ಷ ಮಾತು ಬಿಡ್ತೀರಿ? ಈಗಾದ್ರೂ ಅವನನ್ನ ಒಳಗೆ ಕರೀರಿ.”

ಮಾಣಿ ಎಂದರೆ ನಮ್ಮ ಮಾವ. ಅಜ್ಜ ಕೊನೆಯವರೆಗೂ ಅವರನ್ನು ಒಳಗೆ ಕರೆದಿರಲಿಲ್ಲ.

ಪಕ್ಕದಲ್ಲೇ ನಿಂತಿದ್ದ ಮಾವನ ಮುಖ ನೋಡಿದೆ. ಅಜ್ಜನ ದನಿ ನನ್ನ ಗಂಟಲಲ್ಲಿ ಸಿದ್ಧವಾಗಿತ್ತು. ಅವರು ಹೂಂ ಎಂದಿದ್ದರೆ ಸಾಕಿತ್ತು. ಮಾವ ಅಡ್ಡಡ್ಡ ತಲೆಯಾಡಿಸಿದರು. “ಬೇಡ ಮಾರಾಯ. ಅದನ್ನ ಅಪ್ಪಯ್ಯನೇ ಹೇಳ್ಬೇಕಿತ್ತು.”

ಅಜ್ಜಿ ಉತ್ತರಕ್ಕೆ ಕಾಯುತ್ತಲೇ ಇದ್ದಳು. ಮಾವ ಯಾರೂ ಕರೆಯದೆಯೇ ಒಳಗೆ ಹೋಗಿ ಅವಳ ಕಾಲಬಳಿ ಕೂತರು. “ನೋಡಿ, ಬಂದ” ಎಂದು ಅಜ್ಜಿ ಬಾಗಿಲಿಗೆ ಹೇಳಿ, ಅವರ ನೆರೆತ ತಲೆಯ ಮೇಲೆ ಕೈಯಿಟ್ಟಳು.

ಅಜ್ಜನ ದನಿ ಎಲ್ಲಿ ತಪ್ಪಿ ಹೊರಬಂದೀತೋ ಎಂದು ನಾನು ಬಾಯಿ ಮುಚ್ಚಿ ಹಿಡಿದು ನಿಂತಿದ್ದೆ.