ಒಲೆಗೆ ಹೋದ ಸಂಪಾದಕೀಯ

ಅಚ್ಚಿನ ಮೊಳೆ ಜೋಡಿಸುವ ತಾತನಿಗೆ ಬಂದದ್ದು ಒಂದೇ ಒಂದು ಸೀನು. ಕೈಯಲ್ಲಿದ್ದ ಚೌಕಟ್ಟು ಜಾರಿ, ಜೋಡಿಸಿಟ್ಟ ಸಂಪಾದಕೀಯವೆಲ್ಲ ಚೆಲ್ಲಿದ ಸಾಸಿವೆಯಂತೆ ನೆಲದ ಪಾಲಾಯಿತು.

ಆ ಊರಿನಲ್ಲಿ ಪತ್ರಿಕೆ ಹೊರಡಿಸಿದ ಮೊದಲ ಹೆಂಗಸು ಅಕ್ಕ. "ಹೆಂಗಸಿನ ಪತ್ರಿಕೆ ಎಷ್ಟು ವಾರದ್ದು?" ಎಂದು ನಕ್ಕವರ ಎದುರು, ದೇವರ ದಯೆಯಿಂದ, ಒಂದು ವರ್ಷ ಒಮ್ಮೆಯೂ ಹಳ್ಳಿಗಳಿಗೆ ಪತ್ರಿಕೆ ಒಯ್ಯುವ ಮಧ್ಯಾಹ್ನದ ಬಸ್ಸು ತಪ್ಪಿಸಿರಲಿಲ್ಲ. ಈಗ ಉಳಿದದ್ದು ಒಂದೇ ಗಂಟೆ.

"ಬರೆದ ಹಾಳೆ ಕೊಡಮ್ಮ, ಮತ್ತೆ ಜೋಡಿಸ್ತೀನಿ," ಎಂದ ತಾತ.

ಜೋಡಣೆ ಮುಗಿದ ಹಾಳೆಯಿಂದ ಅತ್ತೆ ಒಲೆ ಹೊತ್ತಿಸುವುದು ಆ ಮನೆಯ ಪದ್ಧತಿ. ಅಕ್ಕ ಅಡುಗೆಮನೆಗೆ ಓಡಿದಳು.

"ಇವತ್ತಿಂದು ಚೆನ್ನಾಗಿ ಉರೀತು ಕಣೇ," ಎಂದರು ಅತ್ತೆ.

ಅಕ್ಕ ಹೊಸದಾಗಿ ಬರೆಯಲು ಕುಳಿತಳು. ಗದ್ದಲ ಕೇಳಿ ಪಕ್ಕದ ದರ್ಜಿಯೂ ಎದುರಿನ ಔಷಧಿ ಅಂಗಡಿಯವನೂ ಒಳಗೆ ಬಂದರು.

"ಮತ್ತೆ ನಮ್ಮ ಬೀದಿ ತೆರೆದ ಚರಂಡೀನಾ? ಅದನ್ನೇ ಬರೆದು ಹನ್ನೊಂದು ವಾರ ಆಯ್ತಲ್ಲಕ್ಕಾ! ಸ್ವಲ್ಪ ಖಾರವಾಗಿ ಬರೀರಿ," ಎಂದ ದರ್ಜಿ.

"ಖಾರ ಬೇಡ. ಪುರಸಭೆ ಅಧ್ಯಕ್ಷರು ನನ್ನ ಗಿರಾಕಿ!" ಎಂದ ಔಷಧಿ ಅಂಗಡಿಯವನು.

"ಅವರಿಗೆ ಹೊಟ್ಟೆನೋವಿನ ಮಾತ್ರೆ ಮಾರೋನು ನೀನು, ಖಾರ ಇದ್ರೆ ನಿನಗೇ ಲಾಭ ಕಣಯ್ಯಾ!"

ಇವರ ಜಗಳದಲ್ಲಿ ಒಂದು ಸಾಲೂ ಹುಟ್ಟಲಿಲ್ಲ. ಅಷ್ಟರಲ್ಲಿ ಬಸ್ಸು ಬಂತು. ಅಕ್ಕ ಓಡಿಹೋಗಿ ಅದರ ಮುಂದೆಯೇ ನಿಂತಳು.

"ಅರ್ಧ ಗಂಟೆ ಅಕ್ಕಾ. ಆಮೇಲೆ ನಮ್ಮಪ್ಪ ಅಡ್ಡ ನಿಂತ್ರೂ ಹೊರಡ್ತೀನಿ," ಎಂದ ಚಾಲಕ. ಅವನು ಮೊದಲೇ ಹೊರಟುಬಿಟ್ಟಾನೆಂದು ಅಕ್ಕ ಅಲ್ಲೇ ಕಾವಲು ನಿಂತಳು.

ಅರ್ಧ ಗಂಟೆಗೆ ಸರಿಯಾಗಿ ದರ್ಜಿ ಕಟ್ಟುಗಳನ್ನು ಹೊತ್ತು ತಂದು ಬಸ್ಸಿಗೆ ಎಸೆದ. "ಅಕ್ಕಾ, ಊರಿನ ಪ್ರತಿಗಳನ್ನೂ ಹಂಚಿಯಾಯ್ತು! ಸಂಪಾದಕೀಯದ ಖಾಲಿ ಜಾಗಕ್ಕೆ ನಿಮ್ಮತ್ತೆ ಬಾಯಲ್ಲಿ ಹೇಳಿದ್ರು, ತಾತ ಜೋಡಿಸಿದ."

ಬಸ್ಸು ಹೊರಟಿತು. ಅಕ್ಕ ದರ್ಜಿಯ ಕೈಯಲ್ಲಿ ಉಳಿದಿದ್ದ ಪತ್ರಿಕೆ ಕಿತ್ತುಕೊಂಡು ಬಿಡಿಸಿದಳು.

"ನನ್ನ ಸೊಸೆ ಹನ್ನೊಂದು ವಾರ ಬರೆದಳು. ಚರಂಡಿ ಬಾಯಿ ತೆರೆದುಕೊಂಡೇ ಇದೆ. ಅಧ್ಯಕ್ಷನೇ, ನಿನ್ನ ತಾಯಿ ನನ್ನ ಗೆಳತಿ. ಸಂಜೆಯೊಳಗೆ ಅದನ್ನು ಮುಚ್ಚಿಸದಿದ್ದರೆ ಅವಳ ಕಿವಿಗೆ ಹಾಕುತ್ತೇನೆ."

ಮಾನ ಹೋಯಿತೆಂದು ಅಕ್ಕ ಕೋಣೆಯ ಬಾಗಿಲು ಹಾಕಿಕೊಂಡು ದೇವರನ್ನು ನೆನೆದಳು. ಸಂಜೆ ಬೀದಿಯಲ್ಲಿ ಧಡಧಡ ಸದ್ದು. ಕಿಟಕಿಯಿಂದ ಇಣುಕಿದರೆ, ಅಧ್ಯಕ್ಷರೇ ಕೆಸರಿನಲ್ಲಿ ನಿಂತು ಚಪ್ಪಡಿ ಹಾಕಿಸುತ್ತಿದ್ದಾರೆ!

"ಬೇಗ ಹಾಕ್ರಪ್ಪಾ, ಅಮ್ಮ ಬರ್ತಿದ್ದಾಳೆ!"

ಈ ಗೆಲುವನ್ನು ಬಿಸಿಬಿಸಿಯಾಗಿ ಬರೆಯಬೇಕೆಂದು ಅಕ್ಕ ಹಿಗ್ಗಿನಿಂದ ಮುಂಗೋಣೆಯ ಕಚೇರಿಗೆ ಓಡಿದಳು. ಅವಳ ಕುರ್ಚಿಯಲ್ಲಿ ಅತ್ತೆ, ಕೈಯಲ್ಲಿ ಅವಳದೇ ಲೇಖನಿ.

"ಬಾಗಿಲಲ್ಲಿ ನಿಂತು ಬೆಳಕಿಗೆ ಅಡ್ಡ ಬರ್ತೀಯಲ್ಲೇ! ಮುಂದಿನ ವಾರದ್ದು ಬರೀತಿರೋದು ಕಾಣಲ್ವಾ?"