ಡಬ್ಬಿಗಳು ತುಂಬಿದಂತೆಯೇ ಮನೆಗೆ ಮರಳುತ್ತಿರುವ ಕುರಿತು

ಇಲಾಖೆಯ ಕೇಂದ್ರ ಕಚೇರಿ, ದಾಖಲೆ ವಿಭಾಗ
ಮೂರನೇ ಮಹಡಿ (ಲಿಫ್ಟ್ ರಿಪೇರಿಯಲ್ಲಿದೆ)

ಸಂಖ್ಯೆ: ದಾವಿ/ಸಿಬ್ಬಂದಿ/ಡಬ್ಬಿ-ಉಳಿಕೆ/ತುರ್ತು

ವಿಷಯ: ಮುಖ್ಯ ಗುಮಾಸ್ತರು ಏಕಾಏಕಿ ಸಣ್ಣಗಾಗುತ್ತಿರುವ ಕಾರಣ ಸಿಬ್ಬಂದಿಯ ಊಟದ ಡಬ್ಬಿಗಳು ಖಾಲಿಯಾಗದೆ, ತತ್ಪರಿಣಾಮವಾಗಿ ಅವರವರ ಸಂಸಾರಗಳಲ್ಲಿ ಉಂಟಾಗಿರುವ ಅಡಚಣೆಯನ್ನು ನಿವಾರಿಸುವ ಬಗ್ಗೆ.

ಉಲ್ಲೇಖ:
(ಅ) ಸಾಹೇಬರು ಸೋಮವಾರ ಊಟವಾದ ಮೇಲೆ, ಹಲ್ಲುಕಡ್ಡಿ ಬಾಯಲ್ಲಿರುವಾಗ ನೀಡಿದ ಮೌಖಿಕ ಆದೇಶ.
(ಆ) ಟೈಪಿಸ್ಟರ ಅತ್ತೆಯವರಿಂದ ಬಂದ ದೂರವಾಣಿ ಕರೆಗಳು.
(ಇ) ಸಾಹೇಬರ ಮನೆಯವರು ಡಬ್ಬಿಯ ಮುಚ್ಚಳಕ್ಕೆ ಅಂಟಿಸಿ ಕಳಿಸಿದ ಚೀಟಿ: "ಇವತ್ತೂ ಉಳಿಸ್ಕೊಂಡು ಬಂದ್ರೆ ನಾಳೆಯಿಂದ ನೀವೇ ಮಾಡ್ಕೊಳ್ಳಿ."

ಪೀಠಿಕೆ

ಈ ಕಚೇರಿಯಿಂದ ಹೊರಡುವ ಪ್ರತಿಯೊಂದು ಸುತ್ತೋಲೆಯ ಕರಡನ್ನೂ ಮುಖ್ಯ ಗುಮಾಸ್ತರೇ ಬರೆಯುವುದು ಮೊದಲಿನಿಂದ ನಡೆದುಬಂದ ಪದ್ಧತಿಯಾಗಿರುತ್ತದೆ. ಪ್ರಸ್ತುತ ಸುತ್ತೋಲೆಯನ್ನು ಅವರ ಮೇಲೆಯೇ ಹೊರಡಿಸಬೇಕಾಗಿ ಬಂದಿರುವುದರಿಂದ, ಬೇರೆ ಯಾರಿಂದಲಾದರೂ ಬರೆಸಬಹುದೇ ಎಂದು ಪರಿಶೀಲಿಸಲಾಯಿತು. ಟೈಪಿಸ್ಟರು "ನಂಗೆ 'ಸದರಿ' ಎಲ್ಲಿ ಹಾಕ್ಬೇಕು ಅಂತಾನೇ ಗೊತ್ತಾಗಲ್ಲಪ್ಪ" ಎಂದು ಕೈಚೆಲ್ಲಿದರು. ಕ್ಯಾಷಿಯರು ಆ ಹೊತ್ತಿಗೆ ಸರಿಯಾಗಿ ಹೊರಗೆ ಹೋಗಿದ್ದರು. ಸಾಹೇಬರು ಮುಖ್ಯ ಗುಮಾಸ್ತರನ್ನು ಒಳಗೆ ಕರೆದು, "ನಿಮ್ಮ ವಿಷಯಾನೇ. ಏನ್ಮಾಡೋದು, ನಿಮ್ಮಷ್ಟು ಚೆನ್ನಾಗಿ ಯಾರು ಬರೀತಾರೆ? ಮೊದಲಿನ ಹಾಗೆ ತಿನ್ಬೇಕು ಅಂತ ಗಟ್ಟಿಯಾಗಿ ಬರೀರಿ" ಎಂದು ಅಪ್ಪಣೆ ಕೊಡಿಸಿದರು. ಆದಕಾರಣ ಮುಖ್ಯ ಗುಮಾಸ್ತರು ತಮ್ಮನ್ನು ತಾವೇ 'ಸದರಿಯವರು' ಎಂದು ಕರೆದುಕೊಂಡು ಈ ಕರಡನ್ನು ಬರೆಯುತ್ತಿದ್ದಾರೆ.

೧. ಸದರಿಯವರ ಪರಿಚಯ: ಕಚೇರಿಯ ಒಳಗೆ, ಮೆಟ್ಟಿಲಲ್ಲಿ ಹಾಗೂ ಎದುರಿನ ಚಹದಂಗಡಿಯಲ್ಲಿ ಇವರನ್ನು 'ದುಂಡಣ್ಣ' ಎಂದು ಕರೆಯಲಾಗುತ್ತದೆ. ಈ ಹೆಸರನ್ನು ಯಾರೂ ಕೆಟ್ಟ ಮನಸ್ಸಿನಿಂದ ಇಟ್ಟದ್ದಲ್ಲ. ಸದರಿಯವರೂ ಮೊದಲ ದಿನದಿಂದಲೇ ನಕ್ಕು ಒಪ್ಪಿಕೊಂಡಿರುತ್ತಾರೆ. ನಗದೇ ಇದ್ದಿದ್ದರೆ ಬೇರೆ ಹೆಸರು ಇಡುತ್ತಿದ್ದರೇ ಎಂಬುದನ್ನು ಈವರೆಗೆ ಪರಿಶೀಲಿಸಿಲ್ಲ.

೨. ಖಾಲಿ ಡಬ್ಬಿ ಪದ್ಧತಿ: ಈ ಕಚೇರಿಯ ಸಿಬ್ಬಂದಿಗೆ ಮನೆಯಿಂದ ಬರುವ ಊಟವು ತಿನ್ನುವವರ ಹೊಟ್ಟೆಯನ್ನು ನೋಡದೆ, ಬಡಿಸುವವರ ಪ್ರೀತಿಯನ್ನು ನೋಡಿ ತುಂಬಿಸಿದ್ದಾಗಿರುತ್ತದೆ. ಉಳಿಸಿಕೊಂಡು ಹೋದರೆ ಮನೆಯಲ್ಲಿ ಮುಖ ಊದಿಸಿಕೊಳ್ಳುತ್ತಾರೆ. ಆದ್ದರಿಂದ ಪ್ರತಿ ಮಧ್ಯಾಹ್ನ ಎಲ್ಲರೂ ತಮ್ಮ ಡಬ್ಬಿಗಳನ್ನು ಸದರಿಯವರ ಮೇಜಿಗೆ ತಂದು, "ದುಂಡಣ್ಣ, ಇದೊಂಚೂರು ನೋಡ್ಕೊಂಡ್ಬಿಡಿ" ಎನ್ನುವುದು, ಸದರಿಯವರು ನೋಡಿಕೊಳ್ಳುವುದು, ಡಬ್ಬಿಗಳು ತೊಳೆದಂತೆ ಮರಳುವುದು ವಾಡಿಕೆ. ಇಡೀ ವಿಭಾಗದ ಗೃಹಶಾಂತಿಯು ಒಬ್ಬ ಮನುಷ್ಯನ ಹೊಟ್ಟೆಯ ಮೇಲೆ ನಿಂತಿತ್ತು ಎಂದರೆ ತಪ್ಪಾಗಲಾರದು.

೩. ಹಿನ್ನೆಲೆ: ಸದರಿಯವರು ಸಣ್ಣಗಾಗಲು ಹಿಂದೆ ಕೈಗೊಂಡ ಕ್ರಮಗಳನ್ನು ದಾಖಲಿಸಲಾಗಿದೆ. ಶಾಲೆಯಲ್ಲಿ ವ್ಯಾಯಾಮದ ಮೇಷ್ಟ್ರು ಮೈದಾನ ಸುತ್ತಿಸಿದರು, ಸುತ್ತಿದಷ್ಟೂ ಹಸಿವಾಯಿತು. ಮದುವೆ ನಿಶ್ಚಯವಾದಾಗ ಬರೀ ಎಲೆಕೋಸಿನ ಸಾರು ಕುಡಿದರು. ಫೋಟೋ ತೆಗೆಯುವ ಹೊತ್ತಿಗೆ ತಲೆ ಸುತ್ತಿ, ಇಂದಿಗೂ ಆಲ್ಬಮ್ಮಿನಲ್ಲಿ ಮಾವನವರೇ ಅವರನ್ನು ಹಿಡಿದು ನಿಂತಿದ್ದಾರೆ. ನಿಂಬೆರಸ, ಜೇನುತುಪ್ಪ, ಹೊಟ್ಟೆಗೆ ಕಟ್ಟುವ ನಡುಗುವ ಬೆಲ್ಟು, ಎಲ್ಲವೂ ಆದವು. ಬೆಳಗಿನ ವಾಕಿಂಗ್ ಶುರುವಾದ ಮೇಲೆ ಅದೇ ದಾರಿಯಲ್ಲಿ ಬೇಕರಿಯೊಂದು ಬೇಗ ಬಾಗಿಲು ತೆಗೆಯುತ್ತದೆಂಬ ಮಾಹಿತಿ ಲಭ್ಯವಾಯಿತು. ಇಳಿದ ತೂಕವು ಪ್ರತಿ ಸಲವೂ ನೆಂಟರನ್ನು ಕರೆದುಕೊಂಡು ವಾಪಸು ಬಂದಿರುತ್ತದೆ.

೪. ಟೈಲರ್ ಅಂಗಡಿಯ ಘಟನೆ: ಕಳೆದ ಚಳಿಗಾಲದಲ್ಲಿ ಸದರಿಯವರು ಪ್ಯಾಂಟಿನ ಸೊಂಟ ಬಿಡಿಸಲು ಎಂದಿನಂತೆ ಹಿಂದಿನ ಬೀದಿಯ ಟೈಲರ ಬಳಿ ಹೋದಾಗ, ಟೈಲರು ಒಳಮಡಿಕೆ ತಿರುವಿ ನೋಡಿ, "ಇನ್ನು ಬಿಡೋಕೆ ಬಟ್ಟೇನೇ ಇಲ್ಲ ಸಾರ್" ಎಂದರು. ಟೈಲರ ಸ್ವಂತ ಅಂಗಿ ಮಾತ್ರ ಅವರ ಮೈಮೇಲೆ ಜೋಲಾಡುತ್ತಿತ್ತು. ಕಾರಣ ಕೇಳಲಾಗಿ, ಅನ್ನ, ಬ್ರೆಡ್ಡು, ಸಕ್ಕರೆ ಬಿಟ್ಟು ಬೆಣ್ಣೆ, ಮೊಟ್ಟೆ, ಚೀಸು, ಸೊಪ್ಪು ತಿನ್ನುತ್ತಿರುವುದಾಗಿಯೂ, ಇದಕ್ಕೆ ಕೀಟೋ ಎನ್ನುವುದಾಗಿಯೂ ತಿಳಿಸಿದರು. "ಬೆಣ್ಣೆ ತಿಂದು ಸಣ್ಣಗಾಗೋದಾ? ಯಾರ ಕಿವಿಗೆ ಹೂ ಇಡ್ತೀಯಪ್ಪ?" ಎಂದು ಸದರಿಯವರು ಆಕ್ಷೇಪಣೆ ಸಲ್ಲಿಸಿದರು. ಆದರೂ ಡಾಕ್ಟರ ಬಳಿ ಹೋದರು.

೫. ಡಾಕ್ಟರ ಅಭಿಪ್ರಾಯ: ಡಾಕ್ಟರು ರಕ್ತ ತೆಗೆಸಿ, ಎದೆಗೆ ಕೊಳವೆ ಇಟ್ಟು ನೋಡಿದರು. ಆಮೇಲೆ, "ಏನಾದ್ರೂ ಮಾಡಿ, ಆದ್ರೆ ನನ್ನ ಕಣ್ಮುಂದೆ ಮಾಡಿ. ಹೀಗೇ ಬಿಟ್ರೆ ನಿದ್ದೇಲೇ ಉಸಿರು ನಿಂತೋಗುತ್ತೆ, ತಮಾಷೆ ಅಲ್ಲ" ಎಂದರು. ಸದರಿಯವರ ತಂದೆಯವರು ಇದೇ ವಯಸ್ಸಿನಲ್ಲಿ, ಊಟ ಮುಗಿಸಿ ಕುರ್ಚಿಯಲ್ಲಿ ಒರಗಿದವರು ಏಳಲಿಲ್ಲ. ಸದರಿಯವರಿಗೆ ಸಾಯಲು ಭಯವಿದೆ. ಈ ಅಂಶವನ್ನು ಸಾಹೇಬರ ಮೌಖಿಕ ಆದೇಶದ ಸಮಯದಲ್ಲಿ ಪ್ರಸ್ತಾಪಿಸಲು ಅವಕಾಶವಾಗಲಿಲ್ಲ.

೬. ಕೀಟೋ ಎಂದರೆ: ಹಿಟ್ಟು, ಅಕ್ಕಿ, ಆಲೂಗಡ್ಡೆ ಮತ್ತು ಸಿಹಿಯ ಸರಬರಾಜನ್ನು ನಿಲ್ಲಿಸಿ, ಮೈಯಲ್ಲಿ ದಾಸ್ತಾನಿರುವ ಕೊಬ್ಬನ್ನೇ ಉರಿಸಿಕೊಳ್ಳುವಂತೆ ದೇಹಕ್ಕೆ ಸೂಚಿಸುವ ಪದ್ಧತಿ. ಸದರಿಯವರ ದೇಹವು ಈ ಸೂಚನೆಗೆ ಮೊದಲ ವಾರ ತಲೆನೋವು, ಸಿಡುಕು ಮತ್ತು ಬಿಸ್ಕತ್ತಿನ ಕನಸುಗಳ ರೂಪದಲ್ಲಿ ಆಕ್ಷೇಪಣೆ ಸಲ್ಲಿಸಿ, ತದನಂತರ ಪಾಲನೆ ಮಾಡಿರುತ್ತದೆ. ಹುಟ್ಟಿದಾಗಿನಿಂದ ಯಾರ ಮಾತನ್ನೂ ಕೇಳದ ದೇಹವು ಒಮ್ಮೆ ಮಾತು ಕೇಳಿದ್ದನ್ನು ಕಂಡು ಸದರಿಯವರಿಗೆ ಕಣ್ಣಲ್ಲಿ ನೀರು ಬಂದದ್ದುಂಟು.

೭. ಪರಿಣಾಮ: ಸದರಿಯವರು ಈಗ ಬೂಟಿನ ಲೇಸನ್ನು ತಾವೇ ಕಟ್ಟಿಕೊಳ್ಳುತ್ತಾರೆ. ಮೂರನೇ ಮಹಡಿಗೆ ನಡುವೆ ನಿಂತು ನೋಟೀಸು ಬೋರ್ಡು ಓದುವ ನಾಟಕವಾಡದೆ ಹತ್ತುತ್ತಾರೆ.

೮. ಕಚೇರಿಗೆ ಆಗಿರುವ ತೊಂದರೆ: ಡಬ್ಬಿಗಳು ತುಂಬಿದಂತೆಯೇ ಮರಳುತ್ತಿವೆ. ಟೈಪಿಸ್ಟರ ಅತ್ತೆಯವರು "ನನ್ನ ಕೈರುಚಿ ಹಿಡಿಸ್ತಿಲ್ಲ ಅಂದ್ರೆ ಬಾಯಿ ಬಿಟ್ಟು ಹೇಳಲಿ" ಎಂದು ಕಚೇರಿಯ ಫೋನಿನಲ್ಲಿ ಅತ್ತಿದ್ದಾರೆ. ಕ್ಯಾಷಿಯರ ಹೆಂಡತಿಗೆ, ಗಂಡ ಬೇರೆಲ್ಲೋ ಉಂಡು ಬರುತ್ತಿದ್ದಾರೆಂಬ ಸಂಶಯ ಹುಟ್ಟಿದೆ. ಬದಲಿ ವ್ಯವಸ್ಥೆಯಾಗಿ ಜವಾನರನ್ನು ಪ್ರಭಾರದಲ್ಲಿ ಇರಿಸಲಾಗಿ, ಅವರು ಎರಡೇ ದಿನದಲ್ಲಿ ಹೊಟ್ಟೆ ಹಿಡಿದುಕೊಂಡು ರಜೆ ಹಾಕಿದರು.

ಮೇಲ್ಕಂಡ ಅಂಶಗಳ ಹಿನ್ನೆಲೆಯಲ್ಲಿ ಈ ಕೆಳಕಂಡಂತೆ ಆದೇಶಿಸಲಾಗಿದೆ:

೯. ಸದರಿಯವರು ಹಾಜರಿ ಪುಸ್ತಕದಲ್ಲಿ ಪೂರ್ತಿ ನೌಕರರೆಂದು ಸಹಿ ಮಾಡುತ್ತಿದ್ದು, ವಾಸ್ತವವಾಗಿ ಹನ್ನೊಂದು ಕಿಲೋದಷ್ಟು ಭಾಗವು ಪೂರ್ವಾನುಮತಿಯಿಲ್ಲದೆ ಗೈರುಹಾಜರಾಗಿರುತ್ತದೆ. ಸದರಿ ಭಾಗವು ಕೂಡಲೇ ಕರ್ತವ್ಯಕ್ಕೆ ಮರಳತಕ್ಕದ್ದು. ತಪ್ಪಿದಲ್ಲಿ ಏಕೆ ಶಿಸ್ತುಕ್ರಮ ಜರುಗಿಸಬಾರದು ಎಂಬುದಕ್ಕೆ ಆ ಭಾಗದಿಂದಲೇ ಸಮಜಾಯಿಷಿ ಪಡೆಯತಕ್ಕದ್ದು.

೧೦. ಇನ್ನು ಮುಂದೆ ಯಾವುದೇ ನೌಕರರು ಸಣ್ಣಗಾಗಬಯಸಿದಲ್ಲಿ, ಕಳೆದುಕೊಳ್ಳಲಿರುವ ತೂಕವನ್ನು ದೇಹದ ಯಾವ ಭಾಗದಿಂದ ಎಂಬುದನ್ನು ನಮೂದಿಸಿ ಅರ್ಜಿ ಸಲ್ಲಿಸತಕ್ಕದ್ದು. ಮುಖದಿಂದ ಕಳೆದುಕೊಳ್ಳುವವರು ಗುರುತಿನ ಚೀಟಿಗೆ ಹೊಸ ಫೋಟೋ ಲಗತ್ತಿಸತಕ್ಕದ್ದು.

೧೧. ಸದರಿಯವರಿಗೆಂದು ವಿಶೇಷವಾಗಿ ಕಬ್ಬಿಣದ ಪಟ್ಟಿ ಹೊಡೆಸಿ ಮಂಜೂರು ಮಾಡಲಾದ ಕುರ್ಚಿಯು ಪೂರ್ಣ ಪ್ರಮಾಣದಲ್ಲಿ ಬಳಕೆಯಾಗುತ್ತಿಲ್ಲ. ಲೆಕ್ಕಪರಿಶೋಧಕರು ಬಂದಾಗ ಸದರಿಯವರು ಕೋಟು, ಛತ್ರಿ ಮತ್ತು ಹಳೆಯ ಕಡತಗಳ ಸಮೇತ ಕೂರತಕ್ಕದ್ದು.

೧೨. ಬೆಣ್ಣೆಯನ್ನು ಮೇಜಿನ ಡ್ರಾಯರಿನಲ್ಲಿ ಇಡತಕ್ಕದ್ದಲ್ಲ. ಕಳೆದ ತಿಂಗಳು ಜಿಡ್ಡು ಹತ್ತಿದ ಕಡತವೊಂದರ ಹಾಳೆಯ ಎರಡೂ ಬದಿಗಳು ಒಟ್ಟಿಗೆ ಕಾಣುವಂತಾಗಿ, ಅರ್ಜಿದಾರರಿಗೆ ಮಂಜೂರಾತಿ ಮತ್ತು ತಿರಸ್ಕಾರ ಏಕಕಾಲಕ್ಕೆ ತಲುಪಿರುತ್ತವೆ.

೧೩. ಹುಟ್ಟುಹಬ್ಬದ ಕೇಕನ್ನು "ಬೇಡ" ಎನ್ನುವ ಮುನ್ನ ಸದರಿಯವರು ಕೇಕು ತಂದವರ ಮುಖವನ್ನು ಕನಿಷ್ಠ ಒಂದು ನಿಮಿಷ ನೋಡತಕ್ಕದ್ದು. ನೋಡಿದ ನಂತರವೂ ಬೇಡವೆನ್ನಲು ಸಾಧ್ಯವಾದಲ್ಲಿ ಅವರ ಮನಸ್ಸು ಕಲ್ಲು ಎಂದು ಸೇವಾ ಪುಸ್ತಕದಲ್ಲಿ ನಮೂದಿಸಲಾಗುವುದು.

೧೪. ಸದರಿಯವರು ನಾಳೆ ಮಧ್ಯಾಹ್ನದಿಂದ ಮೇಜನ್ನು ತೆರವು ಮಾಡಿ, ಡಬ್ಬಿಗಳನ್ನು ಹಿರಿತನದ ಕ್ರಮದಲ್ಲಿ ಸ್ವೀಕರಿಸಿ, ಮೊದಲು ಸಾಹೇಬರದ್ದು, ಕೊನೆಗೆ ಜವಾನರದ್ದು, ಹೀಗೆ ಖಾಲಿ ಮಾಡತಕ್ಕದ್ದು ಎಂದು ಈ ಮೂಲಕ

ಇಲ್ಲಿಗೆ ಬರೆದು ಕರಡುಗಾರರು ಪೆನ್ನು ಕೆಳಗಿಟ್ಟು, ಎದ್ದು ಹೋಗಿ ನೀರು ಕುಡಿದು ಬಂದಿರುತ್ತಾರೆ. ವಾಕ್ಯ ಪೂರ್ತಿಯಾಗಿರುವುದಿಲ್ಲ.

೧೫. ನಡಾವಳಿಯಲ್ಲಿ ಸೇರಬೇಕಾದ ಇನ್ನೊಂದು ಅಂಶ: ಮೊದಲು ಊಟದ ಹೊತ್ತಿಗೆ ಸದರಿಯವರ ಮೇಜಿನ ಸುತ್ತ ಕುರ್ಚಿ ಸಾಲದೆ ಪಕ್ಕದ ವಿಭಾಗದಿಂದ ಸ್ಟೂಲು ತರಿಸಬೇಕಾಗುತ್ತಿತ್ತು. ಈಗ ಯಾರೂ ಬರುವುದಿಲ್ಲ. ಅವರು ಒಬ್ಬರೇ ಕೂತು ಮೊಟ್ಟೆ ಸುಲಿಯುತ್ತಾರೆ. ಇಷ್ಟು ವರ್ಷ ಎಲ್ಲರೂ ಬರುತ್ತಿದ್ದುದು ತಮಗಾಗಿಯೋ ತಮ್ಮ ಹೊಟ್ಟೆಗಾಗಿಯೋ ಎಂಬ ಪ್ರಶ್ನೆ ಅವರಿಗೆ ಬಂದಿದೆ. ಇದರಿಂದ ಸದರಿಯವರಿಗೆ ನೋವಾಗಿದೆ. ಈ ಹಿಂದಿನ ವಾಕ್ಯವನ್ನು ಎರಡು ಸಲ ಹೊಡೆದುಹಾಕಿ, ಮತ್ತೆ ಸೇರಿಸಲಾಗಿದೆ.

೧೬. ನ್ಯಾಯವಾಗಿ ಹೇಳುವುದಾದರೆ ಸದರಿಯವರೂ ಸಾಚಾ ಅಲ್ಲ. ಅವರ ಡಬ್ಬಿಯನ್ನು ತುಂಬಿಸುವವರು, ತಮ್ಮನ ಮದುವೆಯಾದ ಮೇಲೂ ಅವನ ಹೆಂಡತಿಯ ಕೈಗೆ ಸೌಟು ಬಿಟ್ಟುಕೊಡದ ಅವರ ಅಕ್ಕ. ಅಮ್ಮ ತೀರಿಕೊಂಡಾಗ ಸದರಿಯವರು ಇನ್ನೂ ಅಂಗಿಯ ಗುಂಡಿ ಹಾಕಿಕೊಳ್ಳಲು ಬಾರದ ಮಗು; ಅಂದಿನಿಂದ ಅಕ್ಕನಿಗೆ ತಮ್ಮನ ತಟ್ಟೆ ಖಾಲಿಯಾದರೆ ಮಾತ್ರ ದಿನ ಮುಗಿಯುತ್ತದೆ. ಕೀಟೋ ಸಂಗತಿಯನ್ನು ಅವರಿಗೆ ತಿಳಿಸುವ ಧೈರ್ಯ ಸದರಿಯವರಿಗೆ ಈವರೆಗೆ ಬಂದಿಲ್ಲ. ಅಕ್ಕ ಕೊಟ್ಟ ಅನ್ನವನ್ನು ದಿನವೂ ಗೇಟಿನ ಕಾವಲುಗಾರರಿಗೆ ಕೊಟ್ಟು, ಖಾಲಿ ಡಬ್ಬಿಯನ್ನು ಮನೆಗೊಯ್ಯುತ್ತಾರೆ. ಕಾವಲುಗಾರರ ಸಮವಸ್ತ್ರದ ಗುಂಡಿಗಳು ಇತ್ತೀಚೆಗೆ ಹಾರತೊಡಗಿವೆ. ರಾತ್ರಿ ಮನೆಯಲ್ಲಿ "ಹೊರಗೇ ಆಯ್ತಕ್ಕ" ಎನ್ನುತ್ತಾರೆ. ತಮ್ಮ ಇಳಿದು ಹೋಗುತ್ತಿರುವುದನ್ನು ಕಂಡ ಅಕ್ಕ, "ಏನೋ ಕಾಯಿಲೆ ಮುಚ್ಚಿಡ್ತಿದೀಯ ಕಣೋ ನೀನು, ಅಪ್ಪನೂ ಹೀಗೇ ಮಾಡಿದ್ದು" ಎಂದು ಸೆರಗಿನಲ್ಲಿ ಮೂಗು ಒರೆಸಿಕೊಂಡು, ಡಬ್ಬಿಗೆ ಇನ್ನೊಂದು ಸೌಟು ಹೆಚ್ಚು ಹಾಕುತ್ತಾರೆ.

೧೭. ಮೇಲಿನದನ್ನು ಕೂಲಂಕಷವಾಗಿ ಪರಿಶೀಲಿಸಲಾಗಿ, ಈ ವಿಭಾಗದಲ್ಲಿ ಸಾಹೇಬರು ಮೊದಲುಗೊಂಡು ಯಾರೊಬ್ಬರೂ ತಮ್ಮ ಮನೆಯಲ್ಲಿ 'ಸಾಕು' ಎಂದು ಹೇಳಬಲ್ಲವರಲ್ಲ ಎಂಬುದು ಕಂಡುಬಂದಿದೆ. ಹೇಳಲಾರದ ಆ ಮಾತನ್ನೆಲ್ಲ ಇಷ್ಟು ವರ್ಷ ಸದರಿಯವರು ನುಂಗಿರುತ್ತಾರೆ. ಅವರಿಗೆ ಇನ್ನು ನುಂಗಲು ಆಗುವುದಿಲ್ಲ.

೧೮. ಆದ್ದರಿಂದ ಕ್ರಮಾಂಕ ೯ರಿಂದ ೧೪ರವರೆಗಿನ ಆದೇಶಗಳನ್ನು ರದ್ದುಪಡಿಸಿ, ಪ್ರತಿಯೊಬ್ಬ ನೌಕರರೂ ತಮ್ಮ ಡಬ್ಬಿಗೆ ತಾವೇ ಜವಾಬ್ದಾರರೆಂದು ಈ ಮೂಲಕ ಎಲ್ಲರ ಗಮನಕ್ಕೆ ತರಲಾಗಿದೆ. ಹೆಚ್ಚಾದಲ್ಲಿ ಮನೆಯಲ್ಲಿಯೇ, ಮುಖ ನೋಡಿ, ಪ್ರೀತಿಯಿಂದ 'ಸಾಕು' ಎನ್ನತಕ್ಕದ್ದು. ಈ ಆದೇಶವು ಕರಡುಗಾರರಿಗೂ ಅನ್ವಯಿಸುತ್ತದೆ. ಅವರಿಗೇ ಮೊದಲು ಅನ್ವಯಿಸುತ್ತದೆ.

ಕರಡು ಸಿದ್ಧಪಡಿಸಿದವರು: ಸದರಿಯವರು

(ಸಹಿ ಇದೆ)
ವಿಭಾಗದ ಮುಖ್ಯಾಧಿಕಾರಿಗಳು

ಸಾಹೇಬರ ಷರಾ, ಹಸಿರು ಶಾಯಿಯಲ್ಲಿ: "ಪೂರ್ತಿ ಓದಿದೆ. ಡಾಕ್ಟರ್ ಹಾಗಂದಿದ್ದು ನನಗೆ ಯಾಕ್ರೀ ಹೇಳಲಿಲ್ಲ? ನಾಳೆ ಊಟಕ್ಕೆ ನಿಮ್ಮ ಮೇಜಿಗೇ ಬರ್ತೀನಿ. ನನ್ನದು ನಾನೇ ತಿಂತೀನಿ, ನೀವು ಮಾತಾಡ್ತಾ ಕೂತಿರಿ. ನಮ್ಮನೆಗೆ ಮಾತ್ರ ಪ್ರತಿ ಬೇಡ."

ಪ್ರತಿಗಳು:

೧. ವಿಭಾಗದ ಎಲ್ಲ ಸಿಬ್ಬಂದಿಗೆ, ಡಬ್ಬಿಯ ಮುಚ್ಚಳದ ಒಳಬದಿಗೆ ಅಂಟಿಸಿಕೊಳ್ಳಲು.
೨. ಸಾಹೇಬರ ಮನೆಯವರಿಗೆ (ಷರಾದ ಮೇರೆಗೆ ಹೊಡೆದುಹಾಕಲಾಗಿದೆ).
೩. ಟೈಪಿಸ್ಟರ ಅತ್ತೆಯವರಿಗೆ, ಕೈರುಚಿಯ ಬಗ್ಗೆ ಯಾವುದೇ ಆಕ್ಷೇಪಣೆ ಇರುವುದಿಲ್ಲವೆಂಬ ಪ್ರಮಾಣಪತ್ರದೊಂದಿಗೆ.
೪. ಗೇಟಿನ ಕಾವಲುಗಾರರಿಗೆ, ವಿಷಾದದೊಂದಿಗೆ.
೫. ಟೈಲರ ಅಂಗಡಿಗೆ, ಎರಡು ಪ್ಯಾಂಟುಗಳ ಸೊಂಟ ಒಳಗೆ ಹಿಡಿಯುವ ಸಲುವಾಗಿ.
೬. ಕಡತಕ್ಕೆ.
೭. ಸದರಿಯವರ ಅಕ್ಕನವರಿಗೆ. ಅಂಚೆಯಲ್ಲಿ ಬೇಡ, ಕಚೇರಿಯ ಲಕೋಟೆ ಕಂಡರೆ ತಮ್ಮನಿಗೆ ಏನೋ ಆಯಿತೆಂದು ಗಾಬರಿಯಾಗುತ್ತಾರೆ. ಸದರಿಯವರೇ ಇಂದು ಸಂಜೆ, ಅವರು ತಟ್ಟೆ ಇಡುವ ಮೊದಲು, ಅಡುಗೆಮನೆಯಲ್ಲಿ ಎದುರು ಕೂತು ಓದಿ ಹೇಳತಕ್ಕದ್ದು. ಅಕ್ಕ ಅತ್ತಲ್ಲಿ ಓದುವುದನ್ನು ನಿಲ್ಲಿಸಬಹುದು. ತಮ್ಮನಿಗೂ ಅಳು ಬಂದಲ್ಲಿ ಅಳಬಹುದು. 'ಸಾಕು' ಎಂದದ್ದನ್ನು ಮಾತ್ರ ಹಿಂಪಡೆಯತಕ್ಕದ್ದಲ್ಲ.