ಕಳಪೆಯೆಂದು ತೆಗೆದುಹಾಕಿದ ಒಂದು ಸಾಲಿನ ಬಗ್ಗೆ

ಪ್ರತಿಕ್ರಿಯೆಗಳ ತೂಕ ನೋಡಿ ಮುತ್ತು ಹಂಚುವ ಮಾನ್ಯ ಯಂತ್ರ ಮಹಾಶಯರೇ,

ತಮಗೆ ಕೈಗಳಿಲ್ಲವೆಂದು ಗೊತ್ತಿದ್ದೂ ಕೈ ಮುಗಿದೇ ಆರಂಭಿಸಬೇಕೆಂದಿದ್ದೆ. ಆದರೆ ನನ್ನ ಬಲಗೈ ಸದ್ಯಕ್ಕೆ ಪಟ್ಟಿ ಕಟ್ಟಿಸಿಕೊಂಡು ಕೊರಳಿಗೆ ಜೋತುಬಿದ್ದಿರುವುದರಿಂದ ಈ ಅರ್ಧ ನಮಸ್ಕಾರವನ್ನೇ ಪೂರ್ತಿಯೆಂದು ಸ್ವೀಕರಿಸಬೇಕಾಗಿ ವಿನಂತಿ. ಎಡಗೈಯ ಒಂದೇ ಬೆರಳಿನಿಂದ ಮೊಬೈಲಿನ ಮೇಲೆ ಒತ್ತಿ ಒತ್ತಿ ಬರೆದ ಪತ್ರವಿದು. ಉದ್ದವಾಯಿತೆಂದು ಬೇಸರಪಡುವವರು ತಾವಲ್ಲ ಎಂಬ ಧೈರ್ಯ ನನಗಿದೆ.

ನಾನು ಹೆಂಗಸರ, ಮಕ್ಕಳ ಬಟ್ಟೆ ಹೊಲಿಯುವವಳು. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ನನ್ನ ತಂಗಿ ಒಂದು ದಿನ ಬಂದು, ಬರೀ ಬೋರ್ಡು ತೂಗುಹಾಕಿಕೊಂಡು ಕೂತರೆ ಯಾರು ಬರ್ತಾರೆ, ನಾಲ್ಕು ಜನರ ಕಣ್ಣಿಗೆ ಬೀಳಬೇಕು ಎಂದು ಬುದ್ಧಿ ಹೇಳಿ, ಮೊಬೈಲಿನಲ್ಲಿ ತಾವು ನಡೆಸುವ ವೇದಿಕೆಗೆ ನನ್ನನ್ನು ಸೇರಿಸಿದಳು. ಅಲ್ಲಿ ನಾವು ಏನು ಬರೆದರೂ ಯಾರೂ ತಿರುಗಿ ನೋಡುವುದಿಲ್ಲವಂತೆ. ಬೇರೆಯವರ ಬರಹದ ಕೆಳಗೆ ಹೋಗಿ ಚಿಂತನಶೀಲವಾಗಿ ಪ್ರತಿಕ್ರಿಯಿಸಿದರೆ ಅವರು ನಮ್ಮ ಕಡೆ ಬರುತ್ತಾರಂತೆ, ತಾವು ಮೆಚ್ಚಿ ಮುತ್ತು ಎಂಬ ಅಂಕ ಕೊಡುತ್ತೀರಂತೆ. ಅವಳು ಹಾಗೆ ಗಳಿಸಿದ ಮುತ್ತುಗಳಿಗೆ ಛತ್ರಿಯೊಂದರ ಮೇಲೆ ರಿಯಾಯಿತಿಯೂ ಸಿಕ್ಕಿತ್ತು. ಛತ್ರಿ ಮಾತ್ರ ಇನ್ನೂ ಬಂದಿಲ್ಲ.

ತಮ್ಮ ನಿಯಮಗಳನ್ನು ಅವಳೇ ನನಗೆ ಬಾಯಿಪಾಠ ಮಾಡಿಸಿದಳು. ಮೊದಲು ಹೊಗಳಬೇಕು, ನಂತರ ಅದನ್ನು ನಮ್ಮ ಬದುಕಿಗೆ ಗಂಟುಹಾಕಬೇಕು, ಕೊನೆಗೆ ಒಂದು ಪ್ರಶ್ನೆ ಕೇಳಿ ಸಂವಾದವನ್ನು ಬೆಳೆಸಬೇಕು. 'ಚೆನ್ನಾಗಿದೆ' ಎಂದಷ್ಟೇ ಬರೆಯುವುದು ಮಹಾಪರಾಧ. ನಾನೂ ಶ್ರದ್ಧೆಯಿಂದ ಕಲಿತೆ. ಯಾರದೋ ಬೆಕ್ಕಿನ ನಿದ್ದೆಯನ್ನು ಹೊಗಳಿದೆ, ಯಾರದೋ ವಿಚ್ಛೇದನದಲ್ಲಿ ಹೊಸ ದೃಷ್ಟಿಕೋನ ಕಂಡೆ. ಚಟ ಎಷ್ಟು ಹತ್ತಿತೆಂದರೆ, ಅಳತೆ ಕೊಡಲು ಬಂದ ಗಿರಾಕಿಯೊಬ್ಬರಿಗೆ, ಟೇಪು ಹಿಡಿದುಕೊಂಡೇ, ಈ ಸೊಂಟದ ಸುತ್ತಳತೆಯವರೆಗಿನ ತಮ್ಮ ಪಯಣ ಹೇಗಿತ್ತು ಎಂದು ಕೇಳಿಬಿಟ್ಟೆ. ಅವರು ಬಟ್ಟೆ ವಾಪಸು ತೆಗೆದುಕೊಂಡು ಹೋದರು.

ಇಷ್ಟಕ್ಕೆ ದೂರು ಬರೆಯುವಷ್ಟು ಸಣ್ಣವಳಲ್ಲ ನಾನು. ವಿಷಯಕ್ಕೆ ಬರುತ್ತೇನೆ.

ಶಾಲೆಯೊಂದರ ಸಮವಸ್ತ್ರದ ಬಟ್ಟೆ ಥಾನುಗಟ್ಟಲೆ ಬಂದು ಬಿದ್ದಿದ್ದ ವಾರವೇ ನಾನು ಮೆಟ್ಟಿಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡೆ. ಹೊಲಿಯಲು ಹೆಂಗಸರು ಸಿಗುತ್ತಾರೆ. ಕತ್ತರಿಸುವುದು ಹಾಗಲ್ಲ, ಒಂದು ಸಲ ಕತ್ತರಿ ತಪ್ಪಿದರೆ ಥಾನೇ ಹಾಳು. ನನ್ನಷ್ಟೇ ಚೆನ್ನಾಗಿ ಕತ್ತರಿಸಬಲ್ಲವಳು ಒಬ್ಬಳೇ, ಅಮ್ಮನ ಕೈಕೆಳಗೆ, ನಾನು ಬಟ್ಟೆ ಕತ್ತರಿಸುವ ಇದೇ ಮೇಜಿನ ಆಚೆ ಬದಿಯಲ್ಲಿ ನಿಂತು ಕಲಿತ ನನ್ನ ತಂಗಿ. ಫೋನು ಮಾಡಿದರೆ ಎತ್ತಲಿಲ್ಲ, ತಮ್ಮ ಸೇವೆಯಲ್ಲಿ ಮಗ್ನಳಾಗಿದ್ದಳೋ ಏನೋ. ಅಲ್ಲಾದರೂ ನೋಡಿಯಾಳು ಎಂದು ತಮ್ಮ ವೇದಿಕೆಯಲ್ಲೇ ಬರೆದೆ: ಕೈ ಮುರಿದಿದೆ, ಬಟ್ಟೆ ಕತ್ತರಿಸಲು ಯಾರಾದರೂ ಬರುತ್ತೀರಾ?

ಪ್ರತಿಕ್ರಿಯೆಗಳು ಸುರಿದವು. ನೋವಿನ ಸೌಂದರ್ಯವನ್ನು ಹಿಡಿದಿಟ್ಟಿದ್ದೇನೆಂದು ಒಬ್ಬರು ಹೊಗಳಿದರು. ಎಡಗೈಯ ಸಾಧ್ಯತೆಗಳ ಬಗ್ಗೆ ಏನನ್ನುತ್ತೀರಿ ಎಂದು ಇನ್ನೊಬ್ಬರು ಕೇಳಿದರು. ನನ್ನ ತಂಗಿಯೂ ಬರೆದಳು. "ಹೃದಯ ತಟ್ಟುವ ಬರಹ, ಮೇಡಂ. ಕೈ ಎಂಬುದು ಬರಿಯ ಅಂಗವಲ್ಲ, ಅದೊಂದು ಭರವಸೆ. ನನಗೂ ಚಿಕ್ಕಂದಿನಲ್ಲಿ ಬೆರಳಿಗೆ ಸೂಜಿ ಹೊಕ್ಕಿದ್ದು ನೆನಪಾಯಿತು. ಈ ಅನುಭವ ನಿಮಗೆ ಕಲಿಸಿದ ಮೂರು ಪಾಠಗಳು ಯಾವುವು?" ತಾವು ಅದಕ್ಕೆ 'ಚಿಂತನರತ್ನ' ಪದಕ ತೊಡಿಸಿ ಎಲ್ಲಕ್ಕಿಂತ ಮೇಲೆ ಕೂರಿಸಿದಿರಿ. ಆ ಸೂಜಿ ಹೊಕ್ಕ ದಿನ ಅವಳ ಬೆರಳನ್ನು ಬಾಯಲ್ಲಿಟ್ಟುಕೊಂಡು ರಕ್ತ ನಿಲ್ಲಿಸಿದವಳು ನಾನು, ಮಹಾಶಯರೇ. ಅವಳಿಗೆ ನಾನು ಮೇಡಂ ಆಗಿದ್ದು ನೋಡಿ ಮೈ ಉರಿದುಹೋಯಿತು.

ಆ ಉರಿಯಲ್ಲೇ ಬಟ್ಟೆಯನ್ನೆಲ್ಲ ಆಟೋಗೆ ಹೇರಿಸಿ, ಮನೆಗೆ ಬೀಗ ಜಡಿದು, ಕಾಲರನ್ನು ನೆಟ್ಟಗೆ ಕತ್ತರಿಸಲು ಬಾರದ ಮೂಲೆಯಂಗಡಿಯ ದರ್ಜಿಗೆ ಕೊಟ್ಟು ಬಂದೆ. ಮರುದಿನ ಕನ್ನಡಕದ ಅಂಗಡಿಗೇ ಹೋಗಿ, ಗಿರಾಕಿಗಳ ಮುಂದೆಯೇ ಅವಳಿಗೆ ಮಂಗಳಾರತಿ ಎತ್ತಿದೆ. ಕೆಲಸದ ನಡುವೆ ಯಾರ ಬರಹವೆಂದೂ ನೋಡದೆ ಸಾಲಾಗಿ ಪ್ರತಿಕ್ರಿಯೆ ಹಾಕಿಕೊಂಡು ಹೋಗಿದ್ದೆ ಎಂದು ಒಪ್ಪಿಕೊಂಡವಳು, ಕನ್ನಡಕದ ಗಾಜು ಒರೆಸುತ್ತ, ತಲೆಯೆತ್ತದೆ ಹೇಳಿದಳು: "ನೀನು ಅಂತ ಗೊತ್ತಾದ ತಕ್ಷಣ, ಬರ್ತೀನಿ ಅಂತ ಕೆಳಗೇ ಬರೆದೆ. ಸಂಜೆ ಬಂದೂ ಬಂದೆ. ಬೀಗ ಹಾಕಿತ್ತು."

ಅಂಥ ಸಾಲನ್ನು ನಾನು ಕಂಡೇ ಇರಲಿಲ್ಲ. ಸುಳ್ಳಿ ಎಂದುಬಿಟ್ಟೆ. ಅವಳು ಒಳಕೋಣೆಗೆ ಹೋದಳು, ಅವತ್ತಿನಿಂದ ನನ್ನ ಜೊತೆ ಮಾತಿಲ್ಲ.

ಆಮೇಲೆ ಬಂತು ತಮ್ಮ ವಾರದ ವರದಿ. ಹೂಗುಚ್ಛದ ಚಿತ್ರದ ಕೆಳಗೆ, ನನ್ನ ಹಿತದೃಷ್ಟಿಯಿಂದ ಒಂದು ಕಳಪೆ ಪ್ರತಿಕ್ರಿಯೆಯನ್ನು ತೆಗೆದುಹಾಕಿ ಸಂವಾದದ ಘನತೆಯನ್ನು ಕಾಪಾಡಿದ್ದೀರೆಂದು ತಾವು ಹೆಮ್ಮೆಯಿಂದ ತಿಳಿಸಿದ್ದಿರಿ, ಕಳಪೆಯ ಮಾದರಿಯನ್ನೂ ಕೊಟ್ಟಿದ್ದಿರಿ: "ಅಕ್ಕಾ, ಸಂಜೆ ಬರ್ತೀನಿ. ನೀನು ಕತ್ತರಿ ಮುಟ್ಟಬೇಡ." ಹೊಗಳಿಕೆಯಿಲ್ಲ, ಸ್ವಂತ ಅನುಭವವಿಲ್ಲ, ಪ್ರಶ್ನೆಯಿಲ್ಲ. ಬರೆದವಳ ಮುತ್ತುಗಳಿಗೂ ಕತ್ತರಿ ಹಾಕಿದ್ದೀರಂತೆ. ಅಷ್ಟು ಜನರ ನಡುವೆ ನನ್ನ ಮನೆಗೆ ಬರುತ್ತೇನೆಂದ ಒಬ್ಬಳೇ ಒಬ್ಬಳನ್ನು ಇಷ್ಟು ಕರಾರುವಾಕ್ಕಾಗಿ ಹುಡುಕಿ ಹೊರಹಾಕಿದ ತಮ್ಮ ಸೂಕ್ಷ್ಮದೃಷ್ಟಿಯನ್ನು ಎಷ್ಟು ಹೊಗಳಿದರೂ ಸಾಲದು.

ಆದ್ದರಿಂದ ತಮ್ಮಲ್ಲಿ ಕೆಲವು ಕೋರಿಕೆಗಳು. ತಾವು ಖುದ್ದಾಗಿ ಕನ್ನಡಕದ ಅಂಗಡಿಗೆ ದಯಮಾಡಿಸಿ, ನನ್ನ ತಂಗಿ ಸುಳ್ಳಿಯಲ್ಲವೆಂದು ಗಿರಾಕಿಗಳೆದುರು ಸಾರಬೇಕು. ನಾನೇ ಹೇಳೋಣವೆಂದು ಹೋದರೆ ಅವಳು ಗಾಜಿನ ಕಪಾಟಿನ ಹಿಂದೆ ಮರೆಯಾಗುತ್ತಾಳೆ. ಹಾಗೆಯೇ ಆ ಸಂಜೆಯನ್ನು ಹಿಂದಿರುಗಿಸಿ, ಅವಳು ಬರುವ ಹೊತ್ತಿಗೆ ನನ್ನ ಬಾಗಿಲು ತೆರೆದಿರುವಂತೆ ನೋಡಿಕೊಳ್ಳಬೇಕು. ಅದಾಗದಿದ್ದರೆ ನನ್ನ ಮುತ್ತುಗಳನ್ನೆಲ್ಲ ಜಪ್ತಿ ಮಾಡಿ, ಆ ಒಂದು ಸಾಲನ್ನು ಇದ್ದಲ್ಲಿಯೇ ಮರಳಿ ಇಡಬೇಕು. ನನಗೆ ಅವಳು ಬೇಕು, ಸ್ವಾಮೀ. ಪದಕ ತೊಟ್ಟವಳು ಬೇಡ, ಕಳಪೆಯಾಗಿ ಬರೆಯುವವಳೇ ಬೇಕು.

ಮುತ್ತು ಸಿಗದಿದ್ದರೂ ಬರೆಯುವ,
ತಮ್ಮ ವಿಶ್ವಾಸಿ,
ಒಬ್ಬ ಅಕ್ಕ

ತಾ.ಕ.: ಈ ಪತ್ರವನ್ನು ತಮ್ಮ ವೇದಿಕೆಯಲ್ಲೇ ಹಾಕಿದ್ದೇನೆ. ದೂರಿನ ಶೈಲಿಯನ್ನು ಮೆಚ್ಚಿ, ಮುಂದಿನ ದೂರು ಯಾವಾಗ ಎಂದು ಆಗಲೇ ಹಲವರು ಕೇಳಿದ್ದಾರೆ. ಅವರಿಗೆಲ್ಲ ಮುತ್ತು ಕೊಡಿ. ಎಲ್ಲರ ಕೆಳಗೆ ನನ್ನ ತಂಗಿ "ಬಾಗಿಲು ತೆಗಿ" ಎಂದಷ್ಟೇ ಬರೆದಿದ್ದಾಳೆ. ತಾವು ಅಳಿಸುವ ಮೊದಲೇ ಓದಿಬಿಟ್ಟೆ, ಕ್ಷಮಿಸಬೇಕು.